ಹಲ್ಲಿರೋ ಬೆಲ್ಟಿಗೆ ಗಿರಣಿ ಬಿಗಿ ಯಾಕೆ?

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ರಿಮೋಟ್ ಕಂಟ್ರೋಲ್ ಕಾರಿನ ಹವ್ಯಾಸದ ಬಗ್ಗೆ ಬಂದ ಲೇಖನ ಓದಿ ಖುಷಿ ಆಯ್ತು, ಕನ್ನಡ ಪೇಪರಲ್ಲಿ ಇಂಥದ್ದಕ್ಕೆ ಅರ್ಧ ಪುಟ ಸಿಗೋದೇ ಅಪರೂಪ. ಆದ್ರೆ ಕೊನೇಲಿ ಬೆಲ್ಟ್ (ಮೋಟಾರಿನ ಶಕ್ತೀನ ಚಕ್ರಕ್ಕೆ ದಾಟಿಸೋ ಪಟ್ಟಿ) ಇರೋ ಕಾರು ತಗೋಬೇಡಿ ಬೇಗ ಹಾಳಾಗತ್ತೆ, ತಗೊಂಡ್ರೂ ಬೆಲ್ಟ್ ಒಂಚೂರೂ ಜೋಲು ಬೀಳದ ಹಾಗೆ ಬಿಗಿ ಮಾಡ್ಕೊಳ್ಳಿ ಅಂತ ಬರ್ದಿದಾರಲ್ಲ, ಅಲ್ಲಿ ನಂಗೆ ತಡ್ಕೊಳಕ್ಕಾಗ್ಲಿಲ್ಲ. ಎರಡನೇ ಮಾತು ಕೇಳಿದವ್ರಿಗೆ ಮೊದಲನೇ ಮಾತು ತಾನಾಗೇ ನಿಜ ಆಗತ್ತೆ ಸಾರ್.

ನಮ್ಮಪ್ಪಂದು ಹಿಟ್ಟಿನ ಗಿರಣಿ ಇತ್ತು. ಅಲ್ಲಿದ್ದಿದ್ದು ಚಪ್ಪಟೆ ಬೆಲ್ಟು, ಅದು ಪುಲ್ಲಿಯನ್ನ ಬಿಗಿಯಾಗಿ ತಬ್ಕೊಂಡಿದ್ರೇನೇ ಕಲ್ಲು ತಿರುಗೋದು, ಜಾರಕ್ಕೆ ಶುರುವಾದ್ರೆ ಅಪ್ಪ ಮೋಟಾರನ್ನ ಹಿಂದಕ್ಕೆ ಎಳೆದು ಬೋಲ್ಟ್ ಬಿಗೀತಿದ್ರು, ಆಮೇಲೆ ಮೇಲೊಂದಿಷ್ಟು ರಾಳದ ಪುಡಿ. ಅದನ್ನೇ ನೋಡಿ ಬೆಳೆದವನು ನಾನು, ಹಾಗಾಗಿ ಮಗನಿಗೆ ಅಂತ ಸೆಕೆಂಡ್ ಹ್ಯಾಂಡ್ 1/10 ಟೂರಿಂಗ್ ಕಾರು, ಅಂದ್ರೆ ನಿಜವಾದ ಕಾರಿನ ಹತ್ತನೇ ಒಂದರಷ್ಟು ಅಳತೆದು, ನುಣುಪು ರಸ್ತೇಲಿ ಓಡ್ಸೋದು, ತಂದಾಗ (ಮಗನಿಗೆ ಅಂತ ಹೇಳಿದ್ದು ಮನೆಯವ್ಳಿಗೆ) ಬೆಲ್ಟನ್ನ ವೀಣೆ ತಂತಿ ಥರ ಬಿಗಿದು ಕೂರ್ಸಿದೆ. ಕಾರು ಮೊದಲಿಗಿಂತ ನಿಧಾನ ಆಯ್ತು, ನಾಲ್ಕೈದು ರೌಂಡಿಗೇ ಮೋಟಾರ್ ಮೇಲೆ ಕೈ ಇಡಕ್ಕಾಗ್ತಿರ್ಲಿಲ್ಲ, ಎರಡು ವಾರದಲ್ಲಿ ಹಿಂದಿನ ಡಿಫರೆನ್ಷಿಯಲ್ಲಿನ (ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಕ್ಕೆ ಬಿಡೋ ಗೇರ್ ಜೋಡಣೆ) ಬೇರಿಂಗು ಗರಗರ ಅನ್ನಕ್ಕೆ ಶುರು ಮಾಡ್ತು. ನಾನೂ ಆವಾಗ ಬೆಲ್ಟಿಗೇ ಬೈದೆ.

ಆದ್ರೆ ಈ ಕಾರಿನ ಬೆಲ್ಟಿಗೆ ಒಳಗಡೆ ಹಲ್ಲಿರತ್ತೆ. ಶಕ್ತಿ ದಾಟೋದು ಆ ಹಲ್ಲಿಂದ, ಉಜ್ಜಾಟದಿಂದ ಅಲ್ಲ, ಹಲ್ಲು ಪುಲ್ಲಿಯ ತೋಡಲ್ಲಿ ಸರಿಯಾಗಿ ಕೂತಿರೋಷ್ಟು ಬಿಗಿ ಇದ್ರೆ ಸಾಕು, ಅದಕ್ಕಿಂತ ಹೆಚ್ಚು ಬಿಗಿದ್ರೆ ಆ ಬಲ ಪೂರ್ತಿ ಬೇರಿಂಗ್ ಮೇಲೆ ಬೀಳತ್ತೆ, ಬ್ಯಾಟರಿ ಅದನ್ನ ಎಳ್ಯೋದ್ರಲ್ಲೇ ಖಾಲಿ ಆಗತ್ತೆ. ಹಾಗಂತ ತೀರಾ ಸಡಿಲ ಬಿಟ್ರೂ ಆಗಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಟರ್ ಅಂತ ಸದ್ದು ಬಂದ್ರೆ ಬೆಲ್ಟ್ ಪುಲ್ಲಿಯ ಹಲ್ಲು ದಾಟಿ ಜಾರ್ತಾ ಇದೆ ಅಂತ ಅರ್ಥ, ಹಾಗೇ ಓಡಿಸಿದ್ರೆ ಹಲ್ಲು ಸವೆದು ಬೆಲ್ಟ್ ಎಸೀಬೇಕಾಗತ್ತೆ.

ಬಿಗಿ ಮಾಡೋ ಜಾಗ ಗೊತ್ತಿಲ್ದೆ ತುಂಬಾ ಜನ ಒದ್ದಾಡ್ತಾರೆ. ತುಂಬಾ ಕಾರುಗಳಲ್ಲಿ ಡಿಫರೆನ್ಷಿಯಲ್ಲಿನ ಎರಡೂ ಬದಿ ಬೇರಿಂಗಿನ ಸುತ್ತ ಒಂದೊಂದು ಪ್ಲಾಸ್ಟಿಕ್ ಬಳೆ ಇರತ್ತೆ, ಅದರ ತೂತು ಸರಿಯಾಗಿ ನಡುವೆ ಇರಲ್ಲ, ಸ್ವಲ್ಪ ಓರೆಗಿರತ್ತೆ, ಹೊರಗಡೆ ಸಣ್ಣ ಸಣ್ಣ ಗುರುತು. ಒಂದು ಗುರುತು ತಿರುಗಿಸಿದ್ರೆ ಡಿಫರೆನ್ಷಿಯಲ್ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಯತ್ತೆ, ಬಿಗಿ ಬದಲಾಗೋದು ಅಲ್ಲೇ. ಎಡಗಡೆ ಬಳೆ ಎಷ್ಟನೇ ಗುರುತಲ್ಲಿದೆಯೋ ಬಲಗಡೇದೂ ಅಲ್ಲೇ ಇರ್ಬೇಕು, ಒಂದು ಹೆಚ್ಚು ಕಮ್ಮಿ ಆದ್ರೂ ಡಿಫರೆನ್ಷಿಯಲ್ ಸೊಟ್ಟ ಕೂತು ಬೆಲ್ಟ್ ಒಂದೇ ಪಕ್ಕಕ್ಕೆ ಓಡಿ ಪುಲ್ಲಿ ಅಂಚಿಗೆ ಉಜ್ಜಿ ಉಜ್ಜಿ ನೂಲು ನೂಲು ಬರತ್ತೆ. ನನ್ನ ಕಾರಲ್ಲಿ ಆಗಿದ್ದೂ ಇದೇ, ಮಾರಿದವ್ರು ಒಂದು ಬಳೆ ತಿರುಗಿಸಿ ಇನ್ನೊಂದನ್ನ ಮರ್ತಿದ್ರು, ನಾನು ಅದನ್ನ ನೋಡ್ದೆ ಎರಡನ್ನೂ ಎರಡೆರಡು ಗುರುತು ಮುಂದಕ್ಕೆ ತಿರುಗಿಸಿದ್ದೆ.

ಬಿಗಿ ನೋಡೋವಾಗ ಮೊದಲು ಮೋಟಾರನ್ನ ಸಡಿಲ ಮಾಡಿ ಪಿನಿಯನ್ನನ್ನ (ಮೋಟಾರ್ ತುದೀಲಿರೋ ಸಣ್ಣ ಗೇರು) ದೊಡ್ಡ ಗೇರಿಂದ ದೂರ ಸರಿಸ್ಕೋಬೇಕು. ಇಲ್ಲಾಂದ್ರೆ ಮೋಟಾರ್ ಒಳಗಿನ ಮ್ಯಾಗ್ನೆಟ್ ತಡೆಯೋದನ್ನ ಬೆಲ್ಟಿನ ಬಿಗಿ ಅಂತ ತಿಳ್ಕೊಂಡು ಮೋಸ ಹೋಗ್ತೀವಿ. ಆಮೇಲೆ ಕೈಲಿ ಚಕ್ರ ತಿರುಗಿಸಿದ್ರೆ ಎಲ್ಲೂ ಹಿಡೀದೆ ಸಲೀಸಾಗಿ ತಿರುಗ್ಬೇಕು, ಬೆಲ್ಟನ್ನ ಬೆರಳಲ್ಲಿ ಮೆಲ್ಲಗೆ ಒತ್ತಿದ್ರೆ ಒಂದೆರಡು ಮಿಲಿಮೀಟರ್ ಬಗ್ಬೇಕು, ಉದ್ದದ ಬೆಲ್ಟಾದ್ರೆ ಇನ್ನೂ ಸ್ವಲ್ಪ ಜಾಸ್ತಿ ಬಗ್ಗಿದ್ರೂ ಪರವಾಗಿಲ್ಲ. ಹೊಸ ಬೆಲ್ಟ್ ಹಾಕಿದ್ರೆ ನಾಲ್ಕೈದು ಸಲ ಬ್ಯಾಟರಿ ಖಾಲಿ ಆಗೋವರ್ಗೂ ಓಡಿಸಿದ ಮೇಲೆ ಇನ್ನೊಂದ್ಸಲ ನೋಡಿ. ಪಿನಿಯನ್ ವಾಪಸ್ ಕೂರ್ಸೋವಾಗ ಎರಡು ಗೇರಿನ ಮಧ್ಯೆ ಪೇಪರ್ ಚೂರು ಇಟ್ಟು ಒತ್ತಿ, ಮೋಟಾರ್ ಸ್ಕ್ರೂ ಬಿಗಿದು, ಪೇಪರ್ ತೆಗೆದ್ರೆ ಬೇಕಾದಷ್ಟು ಸಂದಿ ಸಿಗತ್ತೆ. ನಾನು ನಿಮ್ಮ ಪೇಪರಿನ ಅಂಚನ್ನೇ ಹರ್ಕೋತೀನಿ, ಬೇಜಾರು ಮಾಡ್ಕೋಬೇಡಿ.

ಬೆಲ್ಟಿಗೆ ಎಣ್ಣೆ ಗ್ರೀಸು ಯಾವ್ದೂ ಹಚ್ಬಾರ್ದು, ರಾಳವಂತೂ ಬೇಡ್ವೇ ಬೇಡ. ಓಡಿಸಿದ ಮೇಲೆ ಹಳೇ ಟೂತ್ ಬ್ರಷ್ಷಲ್ಲಿ ಮರಳು ಕೊಡವಿದ್ರೆ ಸಾಕು. ಪುಲ್ಲಿಗೂ ಬೆಲ್ಟಿಗೂ ಮಧ್ಯೆ ಒಂದು ಸಣ್ಣ ಕಲ್ಲು ಸಿಕ್ಕಿದ್ರೂ ಹಲ್ಲು ಮುರಿಯತ್ತೆ, ಆದ್ರಿಂದ ಮಣ್ಣಲ್ಲೇ ಓಡಿಸೋರು ಟಾಮಿಯಾ ಕಂಪನಿಯ ಟಿಟಿ-02 ಥರ ಬೆಲ್ಟ್ ಬದಲು ಶಾಫ್ಟ್ (ತಿರುಗೋ ಸರಳು) ಇರೋ ಕಾರು ತಗೊಳ್ಳೋದು ಸುಲಭ, ಅಷ್ಟರ ಮಟ್ಟಿಗೆ ನಿಮ್ಮ ಲೇಖಕರ ಮಾತು ಒಪ್ತೀನಿ. ಆದ್ರೆ ಬೆಲ್ಟ್ ಅಂದ್ರೆ ಕಳಪೆ ಅನ್ನೋದು ಸುಳ್ಳು. 1987ರಲ್ಲಿ ಇಂಗ್ಲೆಂಡಿನ ರಾಮ್ಸಿ ಊರಲ್ಲಿ ನಡೆದ ಈ ರಿಮೋಟ್ ಕಾರುಗಳ ವಿಶ್ವ ಚಾಂಪಿಯನ್‌ಷಿಪ್ಪಲ್ಲಿ ಜಪಾನಿನ ಮಸಾಮಿ ಹಿರೋಸಾಕಾ 4ಡಬ್ಲ್ಯುಡಿ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ) ಆಫ್‌ರೋಡ್ ಪ್ರಶಸ್ತಿ ಗೆದ್ದಿದ್ದು ಷುಮಾಕರ್ ಕ್ಯಾಟ್ ಅನ್ನೋ ಬೆಲ್ಟ್ ಕಾರಲ್ಲೇ, ಇವತ್ತಿಗೂ ದೊಡ್ಡ ರೇಸಿನ ಟೂರಿಂಗ್ ಕಾರುಗಳಲ್ಲಿ ಹೆಚ್ಚಿನವು ಬೆಲ್ಟಿನವೇ.

ಹೊಸದಾಗಿ ಕಾರು ತಗೊಂಡ ಯಾವ್ದೋ ಹುಡುಗ ಆ ಲೇಖನ ಕತ್ತರಿಸಿ ಇಟ್ಕೊಂಡು ಇವತ್ತೇ ಬೆಲ್ಟ್ ಬಿಗೀತಾ ಕೂತಿರ್ಬಹುದು, ಆದ್ರಿಂದ ಆ ಒಂದು ಸಾಲಿಗಾದ್ರೂ ತಿದ್ದುಪಡಿ ಹಾಕಿ.

– ಒಬ್ಬ ಓದುಗ, ದಾವಣಗೆರೆ