ಎಲೆ ಉದುರುವ ಕಾಲಕ್ಕೆ ಬರುವ ಅಪ್ಪಯ್ಯ, ಅಮ್ಮನಿಗೆ

ಇಥಾಕಾ, ನ್ಯೂಯಾರ್ಕ್ ರಾಜ್ಯ

ಅಪ್ಪಯ್ಯ, ಅಮ್ಮ ಇಬ್ಬರಿಗೂ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಟಿಕೆಟ್ ಸೆಪ್ಟೆಂಬರ್ ಮೂರನೇ ವಾರಕ್ಕೇ ಸಿಕ್ಕಿದ್ದು ಒಳ್ಳೆಯದಾಯಿತು. ಈ ಊರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೋಗುವಂಥ ಕಾರ್ಯಕ್ರಮಗಳೆಲ್ಲ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದೊಳಗೆ ಒತ್ತೊತ್ತಾಗಿ ಬಂದುಬಿಡುತ್ತವೆ. ಕಾರಣ ಬೆಳಕು. ಸೆಪ್ಟೆಂಬರ್ ಕೊನೆಗೆ ಸಂಜೆ ಏಳರ ಹತ್ತಿರ ಮುಳುಗುವ ಸೂರ್ಯ ಅಕ್ಟೋಬರ್ 31ಕ್ಕೆ ಆರಕ್ಕೇ ಮುಳುಗುತ್ತಾನೆ. ನವೆಂಬರ್ ಮೊದಲ ಭಾನುವಾರ ನಸುಕಿನ ಎರಡು ಗಂಟೆಗೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ, ಅಂದಿನಿಂದ ಸಂಜೆ ಐದಕ್ಕೇ ದೀಪ ಹಚ್ಚಬೇಕು. ಊರಿಗೂ ಇಲ್ಲಿಗೂ ಒಂಬತ್ತೂವರೆ ಗಂಟೆ ಇದ್ದ ಅಂತರ ಹತ್ತೂವರೆ ಆಗುತ್ತದೆ; ತಮ್ಮನಿಗೆ ಫೋನ್ ಮಾಡುವಾಗ ನೆನಪಿರಲಿ. ಪುಟ್ಟಿಯನ್ನು ಕರೆದುಕೊಂಡು ನೀವಿಬ್ಬರೇ ಹೊರಡುವ ದಿನಗಳೂ ಇರುತ್ತವೆ, ಹಾಗಾಗಿ ಒಂದಿಷ್ಟು ಮೊದಲೇ ಬರೆದಿಡುತ್ತೇನೆ.

ಮೊದಲು ಬರುವುದು ಪೋರ್ಚ್‌ಫೆಸ್ಟ್. ಮನೆಯವರು ತಮ್ಮ ತಮ್ಮ ಜಗಲಿಯಲ್ಲೇ ಕೂತು ಹಾಡುವ, ಬಾರಿಸುವ ಹಬ್ಬ ಅದು. 2007ರಲ್ಲಿ ಇದೇ ಊರಲ್ಲಿ ಶುರುವಾಗಿ ಆಮೇಲೆ ಅಮೆರಿಕದ ಎಷ್ಟೋ ಊರುಗಳಿಗೆ ಹಬ್ಬಿತು. ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ದಿಕ್ಕಿನ ಭಾನುವಾರ, ಫಾಲ್ ಕ್ರೀಕ್ ಮತ್ತು ನಾರ್ತ್‌ಸೈಡ್ ಎಂಬ ಹಳೆಯ ಬಡಾವಣೆಗಳಲ್ಲಿ ನಡೆಯುತ್ತದೆ. ಯಾವ ಗಂಟೆಗೆ ಯಾವ ಜಗಲಿ ಎಂಬ ನಕ್ಷೆ ಮೊದಲೇ ಸಿಗುತ್ತದೆ. ಎಲ್ಲವನ್ನೂ ಕೇಳುತ್ತೇವೆಂದು ಹೊರಟರೆ ಒಂದನ್ನೂ ಕೇಳಿದಂತಾಗುವುದಿಲ್ಲ. ಅಕ್ಕಪಕ್ಕದ ಬೀದಿಯ ಮೂರು ಮನೆ ಆರಿಸಿಕೊಂಡು, ಮಡಚುವ ಕುರ್ಚಿ ಒಯ್ದರೆ ಸಾಕು. ಕುರ್ಚಿಯನ್ನು ಎದುರುಮನೆಯ ಹುಲ್ಲಿನ ಮೇಲೆ ಹಾಕಬೇಡಿ, ಅದು ಅವರ ಜಾಗ. ಕಾಲುದಾರಿಯ ಅಂಚಿನಲ್ಲಿ ಕೂರಬಹುದು. ಶೌಚಾಲಯ ಹತ್ತಿರ ಸಿಗುವುದು ಕಷ್ಟ, ಮನೆಯಲ್ಲೇ ಮುಗಿಸಿ ಹೊರಡಿ.

ಅದರ ಆಸುಪಾಸಿನಲ್ಲೇ ಪೇಟೆಯ ನಡುವೆ, ಕಾಮನ್ಸ್ ಎಂಬ ವಾಹನವಿಲ್ಲದ ಬೀದಿಯಲ್ಲಿ, ಶುಕ್ರವಾರದಿಂದ ಭಾನುವಾರದವರೆಗೆ ಸೇಬಿನ ಹಬ್ಬ. ಶನಿವಾರ ಮಧ್ಯಾಹ್ನ ಮಾತ್ರ ಹೋಗಬೇಡಿ, ಕಾಲಿಡಲು ಜಾಗ ಇರುವುದಿಲ್ಲ. ಭಾನುವಾರ ಅಂಗಡಿ ತೆರೆಯುವ ಹೊತ್ತಿಗೆ ಬಸ್ಸಿನಲ್ಲಿ ಹೋಗಿ ಊಟದ ಹೊತ್ತಿಗೆ ವಾಪಸಾದರೆ ಚೆಂದ. ಅಮ್ಮ, ನಿನಗೊಂದು ಮಾತು: ಎಲ್ಲರೂ ಸಾಲು ನಿಂತು ಕೊಳ್ಳುವ ಸೈಡರ್ ಡೋನಟ್‌ಗೆ ಹೆಚ್ಚಾಗಿ ಮೊಟ್ಟೆ ಹಾಕಿರುತ್ತಾರೆ. ಸೇಬಿನ ಪೈಗೆ ಹಂದಿಯ ಕೊಬ್ಬು ಬೆರೆಸಿದ ಹಿಟ್ಟು ಬಳಸುವುದೂ ಉಂಟು. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳದೆ ಹೇಳುತ್ತಾರೆ. ಸೈಡರ್ ಎಂದರೆ ಸೋಸದೆ ಹಿಂಡಿದ ಕಂದು ಬಣ್ಣದ ಸೇಬಿನ ರಸ, ಧಾರಾಳವಾಗಿ ಕುಡಿ. ಬೋರ್ಡಿನ ಮೇಲೆ ‘ಹಾರ್ಡ್’ ಎಂದಿದ್ದರೆ ಮಾತ್ರ ಅದು ಹುಳಿ ಬರಿಸಿದ ಮದ್ಯ. ಪುಟ್ಟಿಗೆ ಸೈಡರ್ ಕೊಡಿಸುವ ಮೊದಲು ಪಾಶ್ಚರೀಕರಿಸಿದ್ದೋ ಅಲ್ಟ್ರಾವಯೊಲೆಟ್ ಹಾಯಿಸಿದ್ದೋ ಎಂದು ಕೇಳಿಕೊಳ್ಳಿ. ನೆಲಕ್ಕೆ ಬಿದ್ದ ಹಣ್ಣಿನ ಹಸಿ ರಸದಿಂದ ಮಕ್ಕಳಿಗೆ ಹೊಟ್ಟೆ ಕೆಡಬಹುದು.

ಅಪ್ಪಯ್ಯ, ನಿಮಗೆ ರುಚಿಸುವುದು ಹಬ್ಬಕ್ಕಿಂತ ತೋಟ. ಊರಾಚೆ ನಾವೇ ಕಿತ್ತುಕೊಳ್ಳುವ ಸೇಬಿನ ತೋಟಗಳಿವೆ. ಇಲ್ಲಿಂದ ಸುಮಾರು ಒಂದು ಗಂಟೆ ದಾರಿಯ ಜಿನೀವಾ ಎಂಬ ಊರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಕಾರ್ಟ್‌ಲ್ಯಾಂಡ್, ಎಂಪೈರ್, ಜೋನಾಗೋಲ್ಡ್ ತಳಿಗಳು ಅಲ್ಲಿಯವೇ. 2013ರಲ್ಲಿ ಸ್ನಾಪ್‌ಡ್ರ್ಯಾಗನ್, ರೂಬಿಫ್ರಾಸ್ಟ್ ಎಂಬ ಎರಡಕ್ಕೆ ಹೆಸರಿಟ್ಟರು. ಹೊಸ ತೋಟಗಳಲ್ಲಿ ಗಿಡ್ಡ ಬೇರುಗಿಡದ ಮೇಲೆ ಕಸಿ ಕಟ್ಟಿ, ವಿಜಯಪುರದ ಕಡೆಯ ದ್ರಾಕ್ಷಿಯ ಹಾಗೆ ಸಾಲಾಗಿ ತಂತಿಗೆ ಬಿಗಿದಿರುತ್ತಾರೆ. ಏಣಿ ಬೇಕಾಗುವುದಿಲ್ಲ.

ಹಣ್ಣನ್ನು ಎಳೆಯಬಾರದು. ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ಸ್ವಲ್ಪ ತಿರುಗಿಸಿದರೆ ತೊಟ್ಟಿನ ಸಮೇತ ಬರುತ್ತದೆ. ಎಳೆದರೆ ತೊಟ್ಟಿನ ಬುಡದ ಗಿಡ್ಡ ರೆಂಬೆ ಮುರಿಯುತ್ತದೆ. ಮುಂದಿನ ವರ್ಷದ ಹೂಮೊಗ್ಗು ಇರುವುದು ಅದರಲ್ಲೇ, ಹಾಗಾಗಿ ಮಾಲೀಕರು ಗದರುವುದರಲ್ಲಿ ಅರ್ಥವಿದೆ. ಕೆಂಪು ನೋಡಿ ಮೋಸಹೋಗಬೇಡಿ. ಕೆಂಪಿನ ಹಿಂದಿರುವ ಹಸಿರು ಹಳದಿಗೆ ತಿರುಗಿದ್ದರೆ, ಕೊಯ್ದಾಗ ಬೀಜ ಕಂದಾಗಿದ್ದರೆ ಬಲಿತಿದೆ ಎಂದರ್ಥ. ಬಿಸಿಲು ಬೀಳುವ ಹೊರಗಿನ ಹಣ್ಣು ಮೊದಲು ಬಲಿಯುತ್ತದೆ. ಚೀಲವನ್ನು ‘ಪೆಕ್’ ಲೆಕ್ಕದಲ್ಲಿ ಮಾರುತ್ತಾರೆ, ಒಂದು ಪೆಕ್ಕಿಗೆ ಸುಮಾರು ನಾಲ್ಕೂವರೆ ಕಿಲೋ. ಅರ್ಧ ಬುಶೆಲ್ ಅಂದರೆ ಒಂಬತ್ತು ಕಿಲೋ. ಲಾಭವೆನಿಸಿದರೂ ನಮ್ಮ ಫ್ರಿಜ್ಜಿನಲ್ಲಿ ಹಿಡಿಯುವುದಿಲ್ಲ. ಏಟು ಬಿದ್ದ ಹಣ್ಣನ್ನು ಬೇರೆಯಿಟ್ಟು ಮೊದಲು ಮುಗಿಸಬೇಕು, ಅದು ಬಿಡುವ ಎಥಿಲೀನ್ ಪಕ್ಕದ ಹಣ್ಣನ್ನೂ ಮೆತ್ತಗಾಗಿಸುತ್ತದೆ.

ತೋಟಕ್ಕಾಗಲಿ, ಹಕ್ಕಿ ನೋಡಲು ಸ್ಯಾಪ್‌ಸಕರ್ ವುಡ್ಸ್‌ಗಾಗಲಿ ಹೋಗುವಾಗ ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ಮಂಗನ ಕಾಯಿಲೆಯ ಸೀಮೆಯವರಾದ ನಿಮಗೆ ಉಣುಗಿನ ಪರಿಚಯ ಮಾಡಿಕೊಡಬೇಕಿಲ್ಲ. ಇಲ್ಲಿಯದು ಲೈಮ್ ಕಾಯಿಲೆ ಹರಡುತ್ತದೆ, ಚಳಿ ಶುರುವಾದರೂ ಅಕ್ಟೋಬರ್, ನವೆಂಬರಿನಲ್ಲಿ ಚುರುಕಾಗಿಯೇ ಇರುತ್ತದೆ. ಮನೆಗೆ ಬಂದ ಕೂಡಲೇ ಪುಟ್ಟಿಯ ಕಿವಿಯ ಹಿಂದೆ, ಕಂಕುಳು, ಮೊಣಕಾಲಿನ ಹಿಂಬದಿ, ಕೂದಲ ಬುಡ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದಲ್ಲೇ ಹಿಡಿದು ನೇರ ಮೇಲಕ್ಕೆಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ರೋಗ ದಾಟಲು ಸಾಮಾನ್ಯವಾಗಿ ಅದು 24 ಗಂಟೆಗಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿರಬೇಕು, ಆದ್ದರಿಂದ ಅದೇ ಸಂಜೆ ಹುಡುಕಿದರೆ ಹೆದರಿಕೆಯಿಲ್ಲ.

ಶನಿವಾರ, ಭಾನುವಾರ ಕೆರೆಯ ದಡದ ರೈತರ ಸಂತೆಗೆ ಬೇಕಾದಾಗ ಹೋಗಬಹುದು. 30 ಮೈಲಿ ದೂರದೊಳಗಿನವರಿಗೆ ಮಾತ್ರ ಅಲ್ಲಿ ಮಾರಲು ಅವಕಾಶ. ಡಿಸೆಂಬರಿನಲ್ಲಿ ಅಲ್ಲಿನ ಹಂಗಾಮು ಮುಗಿಯುವ ದಿನ ನವಿಲುಕೋಸಿನ ಜಾತಿಯ ದಪ್ಪ ಗಡ್ಡೆಯನ್ನು ನೆಲದ ಮೇಲೆ ಉರುಳಿಸುವ ಪಂದ್ಯವಿರುತ್ತದೆ, ಅದಕ್ಕೆ ಅಂತಾರಾಷ್ಟ್ರೀಯ ಚಾಂಪಿಯನ್‌ಶಿಪ್ ಎಂದು ಗಂಭೀರವಾಗಿ ಹೆಸರಿಟ್ಟಿದ್ದಾರೆ!

ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮಿಠಾಯಿಗೆ ಮನೆಮನೆಗೆ ಹೋಗುವ ಹಬ್ಬ ಹ್ಯಾಲೋವೀನ್. ಅದಕ್ಕೆ ಕುಂಬಳಕಾಯಿಯಲ್ಲಿ ಮುಖ ಕೆತ್ತಿ ದೀಪ ಇಡುವ ಕೆಲಸ ಅಪ್ಪಯ್ಯನದು. ಮೂರು ದಿನ ಮೊದಲು ಕೆತ್ತಿದರೆ ಸರಿ. ಬಿಸಿಲಿದ್ದರೆ ಬೂಷ್ಟು ಹಿಡಿಯುತ್ತದೆ, ಇಬ್ಬನಿ ಹೆಪ್ಪುಗಟ್ಟಿದರೆ ಮಾರನೇ ದಿನ ಕುಸಿಯುತ್ತದೆ. ಮುಚ್ಚಳವನ್ನು ಒಳಗೆ ಓರೆಯಾಗಿ ಕೊಯ್ಯಬೇಕು, ನೇರ ಕೊಯ್ದರೆ ಒಳಗೇ ಬೀಳುತ್ತದೆ. ಮುಖದ ಬದಿಯನ್ನು ಒಂದಿಂಚು ದಪ್ಪಕ್ಕೆ ಕೆರೆದು, ಮೊದಲು ಕಣ್ಣು, ಕೊನೆಗೆ ಬಾಯಿ. ಬಾಯಿ ಮೊದಲು ಕೊಯ್ದರೆ ಗೋಡೆ ಸಡಿಲಾಗಿ ಹಲ್ಲು ಮುರಿಯುತ್ತವೆ. ಒಳಗೆ ಬ್ಯಾಟರಿ ದೀಪವೇ ಇರಲಿ. ಬೀಜ ತೊಳೆದು ಒರೆಸಿ, ಒಂದು ಚಮಚ ಎಣ್ಣೆ, ಉಪ್ಪು ಸವರಿ ಓವನ್ನಿನಲ್ಲಿ 350 ಡಿಗ್ರಿ ಫ್ಯಾರನ್‌ಹೀಟಿಗೆ ಇಪ್ಪತ್ತು ನಿಮಿಷ ಹುರಿಯಬಹುದು. ಅಮ್ಮ, ಅದೇ ಕಾಯಿಯಿಂದ ಹುಳಿ ಮಾಡಲು ಹೊರಡಬೇಡ, ಅದು ಬರೀ ನೀರು, ನಾರು. ಹುಳಿಗೆ ಬಟರ್‌ನಟ್ ಸ್ಕ್ವಾಶ್ ಸರಿಹೊಂದುತ್ತದೆ.

ಅಂದು ಸಂಜೆ ಜಗಲಿಯ ದೀಪ ಉರಿಯುತ್ತಿದ್ದರೆ ಮಕ್ಕಳು ಬರಬಹುದು ಎಂದರ್ಥ, ಆರಿದ್ದರೆ ಆ ಮನೆಗೆ ಹೋಗಬಾರದು. ನಮ್ಮ ಮಿಠಾಯಿ ಮುಗಿದ ಕೂಡಲೇ ದೀಪ ಆರಿಸಿ. ನಿನ್ನ ಕೊಬ್ಬರಿ ಮಿಠಾಯಿ ಎಷ್ಟೇ ರುಚಿಯಾದರೂ ಅವತ್ತು ಹಂಚುವಂತಿಲ್ಲ ಅಮ್ಮ. ಕಾರ್ಖಾನೆಯ ಕಾಗದ ಸುತ್ತಿದ್ದನ್ನು ಮಾತ್ರ ಅಪ್ಪ ಅಮ್ಮಂದಿರು ತಿನ್ನಲು ಬಿಡುತ್ತಾರೆ. ಪುಟ್ಟಿಯ ಚೀಲವನ್ನು ಮೇಜಿನ ಮೇಲೆ ಸುರಿದು ಆರಿಸಬೇಕು. ಗಮ್ಮಿ, ಮಾರ್ಷ್‌ಮೆಲೋ, ಹೆಚ್ಚಿನ ಕ್ಯಾಂಡಿ ಕಾರ್ನ್‌ಗಳಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ವೇಷದ ಬಟ್ಟೆ ಒಂದು ಅಳತೆ ದೊಡ್ಡದೇ ತರುತ್ತೇನೆ, ಒಳಗೆ ಸ್ವೆಟರ್ ಹೋಗಬೇಕಲ್ಲ. ಮುಖವಾಡ ಬೇಡ, ಕತ್ತಲೆಯಲ್ಲಿ ಮೆಟ್ಟಿಲು ಕಾಣುವುದಿಲ್ಲ.

ಅಕ್ಕಪಕ್ಕದವರು ಒಬ್ಬೊಬ್ಬರೂ ಒಂದೊಂದು ಅಡುಗೆ ತರುವ ಊಟಕ್ಕೆ ನಿನ್ನ ಚಿತ್ರಾನ್ನ ಹೇಳಿಟ್ಟಿದ್ದೇನೆ. ಕಡಲೆಕಾಯಿ ಹಾಕಬೇಡ, ಅದರ ಅಲರ್ಜಿ ಇಲ್ಲಿ ಪ್ರಾಣಕ್ಕೆ ಕುತ್ತು ತರುವ ವಿಷಯ. ಡಬ್ಬಿಯ ಇಂಗನ್ನೂ ನೋಡು: ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಗೋಧಿ ಒಗ್ಗದವರಿಗೆ ‘ಅನ್ನ ತಾನೇ’ ಎಂದು ಬಡಿಸುವಂತಿಲ್ಲ. ಪಾತ್ರೆಯ ಮುಂದೆ ಏನೇನು ಹಾಕಿದೆ ಎಂದು ಚೀಟಿ ಬರೆದಿಡೋಣ.

ಚಳಿಯ ಬಟ್ಟೆಯನ್ನು ಅಲ್ಲಿ ಕೊಳ್ಳಬೇಡಿ. ಸೀರೆಯ ಒಳಗೂ ಹಾಕಬಹುದಾದ ಥರ್ಮಲ್, ಗಾಳಿ ತಡೆಯುವ ಜಾಕೆಟ್ ಇಲ್ಲೇ ತರುತ್ತೇನೆ. ಅಪ್ಪಯ್ಯನ ಎದೆಯ ಸುತ್ತಳತೆ ಮತ್ತು ಇಬ್ಬರ ಪಾದದ ಉದ್ದ ಬೇಕು. ಪಾದವನ್ನು ಸಂಜೆ ಅಳೆಯಿರಿ, ಆಗ ತುಸು ಉಬ್ಬಿರುತ್ತದೆ. ಉಣ್ಣೆ ಸಾಕ್ಸು ಹಾಕಿಕೊಂಡು, ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಂತು, ಹೆಬ್ಬೆರಳ ತುದಿಯವರೆಗೆ ಸೆಂಟಿಮೀಟರಿನಲ್ಲಿ ಬರೆದು ತಮ್ಮನ ಫೋನಿನಿಂದ ಕಳಿಸಿ. ಎರಡೂ ಪಾದ ಅಳೆಯಿರಿ, ದೊಡ್ಡದರ ಲೆಕ್ಕಕ್ಕೆ ಬೂಟು ತರುತ್ತೇನೆ.

ಇಂತಿ ನಿಮ್ಮ ಮಗಳು