ಬ್ಯಾಂಜೋ ಕೊಳ್ಳುವಾಗ ಕುಸುರಿ ಬಿಡಿ, ನೆಕ್ ನೋಡಿ

ಮಾನ್ಯ ಸಂಪಾದಕರೇ,

ಕೈಯಲ್ಲಿರುವ ಅಲ್ಪ ದುಡ್ಡಿನಲ್ಲಿ ಐದು ತಂತಿಯ ಬ್ಯಾಂಜೋ ಕೊಳ್ಳಹೊರಟವರು ಹೊಳೆಯುವ ಲೋಹಕ್ಕೂ ಚಿಪ್ಪಿನ ಕುಸುರಿಗೂ ಮರುಳಾಗುವುದೇ ಹೆಚ್ಚು. ಅದರಿಂದ ನಾದ ಎಳ್ಳಷ್ಟೂ ಸುಧಾರಿಸದು. ಸದ್ದು ಮಂಕಾಗಿದೆ ಎಂಬ ಒಂದೇ ಕಾರಣಕ್ಕೆ ಹಳೇ ವಾದ್ಯವನ್ನು ತಳ್ಳಿಹಾಕುವುದೂ ತಪ್ಪು. ಹೆಡ್ (ಮದ್ದಳೆಯಂತೆ ಮೇಲೆ ಬಿಗಿದ ಹೊದಿಕೆ), ತಂತಿ, ತಂತಿ ಕೂರುವ ಕುದುರೆ ಇವೆಲ್ಲ ಅಗ್ಗದಲ್ಲಿ ಬದಲಾಗುವಂಥವು. ನೆಕ್ (ಬೆರಳೊತ್ತುವ ಉದ್ದನೆಯ ಹಿಡಿ) ಮತ್ತು ರಿಮ್ (ಹೆಡ್ ಬಿಗಿದ ದುಂಡು ಚೌಕಟ್ಟು) ಹಾಗಲ್ಲ.

ನೆಕ್ ಮೇಲಿನ ಅಡ್ಡಪಟ್ಟಿಗಳೇ ಫ್ರೆಟ್. ಒಂದು ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. 7ನೇ ಫ್ರೆಟ್ ಬಳಿ ತಂತಿಯ ಕೆಳಗೆ ತೆಳು ಕಾಗದ ತೂರುವಷ್ಟು ಸಂದಿ ಸಾಕು. ಹೆಚ್ಚಿದ್ದರೆ ನೆಕ್ಕಿನೊಳಗಿನ ಸರಳನ್ನು ಬಿಗಿದು ಸರಿಪಡಿಸಬಹುದು. ನೆಕ್ ತಿರುಚಿಕೊಂಡಿದ್ದರೆ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. 12ನೇ ಫ್ರೆಟ್ ಮೇಲೆ ತಂತಿ ಸುಮಾರು 3 ಮಿ.ಮೀ. ಎತ್ತರದಲ್ಲಿದ್ದರೆ ಬೆರಳಿಗೆ ಹಿತ. ರಿಮ್ ಪದರ ಪದರವಾಗಿ ಅಂಟಿಸಿದ ಮೇಪಲ್‌ನದಾದರೆ ಒಳ್ಳೆಯದು. ಅಲ್ಯುಮಿನಿಯಂ ರಿಮ್‌ಗೆ ಸದ್ದು ಜೋರು, ನಾದ ತುಸು ತಗಡು. ಹಿಂಬದಿ ತೆರೆದ ಮಾದರಿ ಆರಿಸಿದರೆ ಬೆನ್ನಿಗೆ ಬಟ್ಟಲಿನಂತೆ ಕೂರುವ ರೆಸೊನೇಟರ್‌ನ ಖರ್ಚು ಉಳಿಯುತ್ತದೆ, ಆ ಹಣ ಒಳ್ಳೆಯ ರಿಮ್‌ಗೆ ಹೋಗಲಿ. 5ನೇ ತಂತಿಯ ಬಿರಡೆ ಹಲ್ಲುಚಕ್ರದ್ದೇ ಇರಲಿ. ಬರೀ ಉಜ್ಜಿನ ಮೇಲೆ ನಿಲ್ಲುವ ಅಗ್ಗದ ಬಿರಡೆ ಶ್ರುತಿ ಜಾರಿಸುತ್ತಲೇ ಇರುತ್ತದೆ.

ಮಂಕು ಸದ್ದಿಗೆ ಬಹುಪಾಲು ಕಾರಣ ಸಡಿಲವಾದ ಹೆಡ್. ಕುದುರೆಯ ಪಕ್ಕ ಹೆಬ್ಬೆರಳಿನಿಂದ ಒತ್ತಿದಾಗ ಅದು ಮೆತ್ತಗೆ ತಗ್ಗಿದರೆ ಹೆಡ್ ಬಿಗಿಯುವ ಕೊಕ್ಕೆಗಳ ನಟ್ಟನ್ನು ಎದುರುಬದುರಾಗಿ, ಒಂದೊಂದನ್ನೂ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತಾ ಬನ್ನಿ. ಒಂದೇ ಕಡೆ ಬಿಗಿದರೆ ಹೆಡ್ಡನ್ನು ಅದುಮಿ ಹಿಡಿದಿರುವ ಮೇಲಿನ ಬಳೆ ವಾಲುತ್ತದೆ. 11 ಇಂಚಿನ ಪ್ಲಾಸ್ಟಿಕ್ ಹೆಡ್ ಆದರೆ, ತಂತಿಗಳನ್ನು ಅಂಗೈಯಿಂದ ಅದುಮಿ ಹೆಡ್ಡನ್ನು ತಟ್ಟಿದಾಗ ಪಾಶ್ಚಾತ್ಯ ಸಂಗೀತದ ಜಿ, ಜಿ ಶಾರ್ಪ್ ಆಸುಪಾಸಿನ ಸ್ವರ ಬಂದರೆ ಸಾಕು. ಇನ್ನೂ ಬಿಗಿದರೆ ನಾದ ಕೀರಲಾಗುತ್ತದೆ, ಹೆಡ್ ಸೀಳಲೂಬಹುದು.

ಕುದುರೆಗೆ ಅಂಟು ಇರುವುದಿಲ್ಲ, ಸಾಗಣೆಯಲ್ಲಿ ಸರಿಯುತ್ತದೆ. ಮೇಲಿನ ಫ್ರೆಟ್‌ಗಳಲ್ಲಿ ಅಪಸ್ವರ ಬಂತೆಂದು ವಾದ್ಯವನ್ನೇ ದೂರುವವರು ಇದನ್ನು ನೋಡಿರುವುದಿಲ್ಲ. 12ನೇ ಫ್ರೆಟ್ ನೇರಕ್ಕೆ ಬೆರಳು ಬರೀ ತಾಗಿಸಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಬಾಲದ (ತಂತಿ ಕಟ್ಟಿದ ತುದಿಯ) ಕಡೆಗೆ, ಇಳಿದಿದ್ದರೆ ನೆಕ್ ಕಡೆಗೆ ಕೂದಲೆಳೆಯಷ್ಟು ಸರಿಸಿ. ತಂತಿ ಬದಲಿಸುವಾಗ ಒಂದೊಂದೇ ಬಿಚ್ಚಿ. ಎಲ್ಲ ಒಟ್ಟಿಗೆ ಬಿಚ್ಚಿದರೆ ಕುದುರೆ ಬಿದ್ದುಹೋಗಿ ಈ ಕೆಲಸ ಮತ್ತೆ ಮೊದಲಿಂದ.

– ವಾದ್ಯ ದುರಸ್ತಿಗಾರ