ಮುಂದಿನ ಸಂಚಿಕೆಯಿಂದ ತುರ್ಕಿ ಹೆಸರುಗಳ ಬರವಣಿಗೆಯಲ್ಲಿ ಬದಲಾವಣೆ

ಮಾನ್ಯ ಚಂದಾದಾರರಿಗೆ ನಮಸ್ಕಾರಗಳು.

ತುರ್ಕಿಯ ಸಂಸ್ಕೃತಿ, ಕಲೆ ಮತ್ತು ಇತಿಹಾಸಕ್ಕೆ ಮೀಸಲಾದ ನಮ್ಮ ತ್ರೈಮಾಸಿಕದಲ್ಲಿ ಇದುವರೆಗೆ ಅಲ್ಲಿನ ಹೆಸರುಗಳನ್ನು ಇಂಗ್ಲಿಷಿನಲ್ಲಿ ಓದಿದಂತೆ ಬರೆಯುತ್ತಿದ್ದೆವು. ಮುಂದಿನ ಸಂಚಿಕೆಯಿಂದ ಅವುಗಳನ್ನು ಅಲ್ಲಿನವರು ಉಚ್ಚರಿಸುವಂತೆಯೇ ಬರೆಯಲು ನಮ್ಮ ಸಹಕಾರ ಸಂಘವು ತೀರ್ಮಾನಿಸಿದೆ. ಚಂದಾ ಹಣದಲ್ಲಾಗಲಿ ಪುಟಗಳ ಸಂಖ್ಯೆಯಲ್ಲಾಗಲಿ ವ್ಯತ್ಯಾಸವಿರುವುದಿಲ್ಲ.

ಈ ತೀರ್ಮಾನಕ್ಕೆ ನಮ್ಮದೇ ತಪ್ಪು ಕಾರಣ. 16ನೆಯ ಶತಮಾನದಲ್ಲಿ ಒಟ್ಟೊಮನ್ ವಾಸ್ತುಶಿಲ್ಪಿ ಮಿಮಾರ್ ಸಿನಾನ್ ಇಸ್ತಾಂಬುಲಿನಲ್ಲಿ ಕಟ್ಟಿದ, ಇಜ್ನಿಕ್ ಪಟ್ಟಣದ ಬಣ್ಣದ ಟೈಲ್ಸ್‌ಗಳಿಗೆ ಹೆಸರಾದ ರುಸ್ತೆಮ್ ಪಾಶಾ ಮಸೀದಿಯ ಚಿತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದಾಗ, ಅದರ ಕೆಳಗೆ ‘ರುಸ್ತೆಮ್ ಪಾಷಾ ಕಾಮಿ’ ಎಂದು ಅಚ್ಚಾಯಿತು. ಮಸೀದಿಗೆ ತುರ್ಕಿ ಭಾಷೆಯಲ್ಲಿರುವ ಪದ ‘ಜಾಮಿ’. ರೋಮನ್ ಲಿಪಿಯ ‘ಸಿ’ ಅಕ್ಷರವನ್ನು ಅಲ್ಲಿ ‘ಜ’ ಎಂದು ಓದುತ್ತಾರೆ. ನಮ್ಮೂರಿನ ಜಾಮಿಯಾ ಮಸೀದಿಯ ಹೆಸರಿಗೂ ಈ ಪದಕ್ಕೂ ಅರಬ್ಬಿ ಮೂಲ ಒಂದೇ. ಪ್ರಾರ್ಥನಾ ಮಂದಿರವೊಂದರ ಹೆಸರು ಕನ್ನಡದಲ್ಲಿ ಅಂಥ ಅರ್ಥ ಕೊಡುವಂತೆ ಅಚ್ಚಾದದ್ದು ನಮಗೆ ಬಹಳ ನೋವು ತಂದಿದೆ. ಓದುಗರಲ್ಲಿ ಮನಃಪೂರ್ವಕವಾಗಿ ಕ್ಷಮೆ ಕೇಳುತ್ತೇವೆ.

ಹಳೆಯ ಸಂಚಿಕೆಗಳನ್ನು ತೆರೆದು ನೋಡಿದಾಗ ಇದು ಕೇವಲ ಒಂದು ಅಚ್ಚಿನ ದೋಷವಲ್ಲವೆಂಬುದು ತಿಳಿಯಿತು. 1928ರ ನವೆಂಬರ್ 1ರಂದು ಅಂಗೀಕಾರವಾದ ಕಾನೂನಿನ ಮೂಲಕ ತುರ್ಕಿಯು ಅರಬ್ಬಿ ಲಿಪಿಯನ್ನು ಬಿಟ್ಟು ರೋಮನ್ ಲಿಪಿಯನ್ನು ಆಧರಿಸಿದ 29 ಅಕ್ಷರಗಳ ವರ್ಣಮಾಲೆಯನ್ನು ತನ್ನದಾಗಿಸಿಕೊಂಡಿತು. ಅಕ್ಷರಗಳ ರೂಪ ಪರಿಚಿತವೆನಿಸಿದರೂ ಅವುಗಳ ಉಚ್ಚಾರಣೆ ಇಂಗ್ಲಿಷಿನದಲ್ಲ. ನೆರಳು ಬೊಂಬೆಯಾಟದಲ್ಲಿ ಕರಗೊಜ್‌ನ ಜೊತೆಗಾರನಾದ ಹಾಜಿವಾತ್ ನಮ್ಮ ಪುಟಗಳಲ್ಲಿ ‘ಹ್ಯಾಸಿವಾಟ್’ ಆಗಿದ್ದಾನೆ. ಬುರ್ಸಾ ಬಳಿಯ ಪರ್ವತವನ್ನು ‘ಉಲುದಾಗ್’ ಎಂದು ಬರೆದಿದ್ದೇವೆ. ಅದರ ಕೊನೆಯ ಅಕ್ಷರಕ್ಕೆ ಸ್ವಂತ ಧ್ವನಿಯಿಲ್ಲ, ಹಿಂದಿನ ಸ್ವರವನ್ನು ಎಳೆಯುವುದಷ್ಟೇ ಅದರ ಕೆಲಸ. ಆದ್ದರಿಂದ ‘ಉಲುದಾ’ ಎಂದು ದೀರ್ಘ ಕೊಟ್ಟರೆ ಸಾಕು.

ಈ ಕೆಲಸಕ್ಕೆ ಕನ್ನಡ ಲಿಪಿ ಚೆನ್ನಾಗಿ ಒದಗುತ್ತದೆ. ತುರ್ಕಿ ಭಾಷೆಯ ‘ತ’ ದಂತ್ಯವೇ. ಹಾಗಾಗಿ ‘ಟರ್ಕಿ’ ಹೋಗಿ ‘ತುರ್ಕಿ’ ಬರುತ್ತದೆ. ನಮ್ಮ ಶಾಸನಗಳ ‘ತುರುಷ್ಕ’ ಪದದಲ್ಲೂ ಇರುವುದು ಇದೇ ತಕಾರ. 2022ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ‘ತುರ್ಕಿಯೆ’ ಎಂಬ ರೂಪವನ್ನು ಅಧಿಕೃತ ಹೆಸರು ಬೇಕಾದ ಕಡೆ ಬಳಸುತ್ತೇವೆ. ಹ್ರಸ್ವ ಎ, ಒ ನಮ್ಮಲ್ಲಿರುವುದರಿಂದ ‘ಮೆಹ್ಮೆತ್’ ಎಂದು ತೊಡಕಿಲ್ಲದೆ ಬರೆಯಬಹುದು. ಆದರೆ ಅಲ್ಲಿನ ಎಂಟು ಸ್ವರಗಳಲ್ಲಿ ಮೂರಕ್ಕೆ ನಮ್ಮಲ್ಲಿ ಸರಿಯಾದ ಅಕ್ಷರವಿಲ್ಲ. ಅವಕ್ಕಾಗಿ ಹೊಸ ಚಿಹ್ನೆ ಹುಟ್ಟುಹಾಕಿದರೆ ಓದು ಎಡವುತ್ತದೆಂದು ಹತ್ತಿರದ ಇ, ಉ, ಒ ಅಕ್ಷರಗಳನ್ನೇ ಇರಿಸಿಕೊಂಡಿದ್ದೇವೆ.

ಒಂದು ಹೆಸರಿನ ಬಗ್ಗೆ ಮಾತ್ರ ಸಂಪಾದಕ ಮಂಡಳಿಯಲ್ಲಿ ದೀರ್ಘ ಚರ್ಚೆ ನಡೆಯಿತು. ಅದು, ಚರ್ಚ್ ಆಗಿದ್ದು 1453ರಲ್ಲಿ ಒಟ್ಟೊಮನ್ನರು ನಗರವನ್ನು ಗೆದ್ದ ಮೇಲೆ ಮಸೀದಿಯಾದ ಇಸ್ತಾಂಬುಲಿನ ಪ್ರಸಿದ್ಧ ಕಟ್ಟಡದ ಹೆಸರು. 1453ಕ್ಕೆ ಹಿಂದಿನ ಬೈಜಾಂಟಿಯನ್ ಕಾಲದ ಲೇಖನಗಳಲ್ಲಿ ‘ಹಗಿಯಾ ಸೋಫಿಯಾ’ ಎಂದೂ, ನಂತರದ ಕಾಲಕ್ಕೆ ‘ಆಯಾಸೋಫ್ಯಾ’ ಎಂದೂ ಬರೆಯುವುದು ಇತಿಹಾಸಕ್ಕೆ ನ್ಯಾಯವೆಂದು ನಿರ್ಧರಿಸಿದೆವು.

ಹಳೆಯ ಮತ್ತು ಹೊಸ ರೂಪಗಳನ್ನು ಎದುರುಬದುರಾಗಿ ಕೊಡುವ ಪಟ್ಟಿಯೊಂದು ಮುಂದಿನ ಸಂಚಿಕೆಯೊಡನೆ ಉಚಿತವಾಗಿ ಬರಲಿದೆ. ಮಸೀದಿಯ ಚಿತ್ರದ ಕೆಳಗೆ ಅಂಟಿಸಲು ತಿದ್ದಿದ ಚೀಟಿಯೂ ಅದರಲ್ಲಿರುತ್ತದೆ. ಆ ಸಂಚಿಕೆಯನ್ನೇ ಬದಲಾಯಿಸಿಕೊಳ್ಳಬಯಸುವವರು ತಮ್ಮ ಪ್ರತಿಯನ್ನು ಕಳುಹಿಸಿದರೆ, ತಿದ್ದಿದ ಪ್ರತಿಯನ್ನು ನಮ್ಮ ಅಂಚೆ ವೆಚ್ಚದಲ್ಲೇ ಕಳುಹಿಸಿಕೊಡುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಸಂಪಾದಕ ಮಂಡಳಿ ಮತ್ತು ಸಂಘದ ಸದಸ್ಯರು